ಬಳ್ಳಿ ಸೊರಗಿದ ಮೇಲೆ ಸೂಡೊಮೋನಾಸ್ ಹಾಕಿ ಏನು ಬಂತು?

ಜುಲೈ, ಆಗಸ್ಟ್ ಬಂತೆಂದರೆ ಮಲೆನಾಡಿನ ತೋಟಗಳಿಂದ ಬರುವ ಫೋನುಗಳಲ್ಲಿ ಹೆಚ್ಚಾಗಿ ಇದೇ ಪ್ರಶ್ನೆ: "ಸಾರ್, ಮೆಣಸಿನ ಬಳ್ಳಿ ಎಲೆ ಉದುರಿಸ್ತಾ ಇದೆ, ಸೂಡೊಮೋನಾಸ್ ಹಾಕ್ಲಾ?" ಸೂಡೊಮೋನಾಸ್ ಎಂದರೆ ರೋಗ ತಡೆಯಲು ಹಾಕುವ ದುಂಡಾಣು (ಬ್ಯಾಕ್ಟೀರಿಯಾ). ಆ ಬಳ್ಳಿಗೆ ಬೇಡ, ದುಡ್ಡು ದಂಡ ಅನ್ನುತ್ತೇನೆ. ಶೀಘ್ರ ಸೊರಗು ರೋಗ ಬುಡಕ್ಕೆ ಹತ್ತಿದ್ದರೆ, ಎಲೆ ಜೋತು ಬೀಳುವ ಹೊತ್ತಿಗೆ ಮಣ್ಣಿನ ಮಟ್ಟದಲ್ಲಿ ತೊಗಟೆ ಕಪ್ಪಾಗಿ ಕೊಳೆತಿರುತ್ತದೆ. ಕೊಳೆತ ಬೇರನ್ನು ಬದುಕಿಸುವ ಶಕ್ತಿ ಯಾವ ದುಂಡಾಣುವಿಗೂ ಇಲ್ಲ. ಆದರೂ ಹಾಕುತ್ತಾರೆ, ಬಳ್ಳಿ ಸಾಯುತ್ತದೆ, "ಈ ಜೈವಿಕ ಎಲ್ಲಾ ಬೋಗಸ್" ಎಂಬ ಮಾತು ಊರೆಲ್ಲ ಹಬ್ಬುತ್ತದೆ.

ಸೂಡೊಮೋನಾಸ್ ಫ್ಲೋರೆಸೆನ್ಸ್ ಬೇರಿನ ಒಕ್ಕಲು. ಬೇರು ಒಸರುವ ಸಕ್ಕರೆ, ಅಮೈನೋ ಆಮ್ಲಗಳೇ ಅದರ ಊಟ. ಮಣ್ಣಿನ ಕಬ್ಬಿಣವನ್ನು ಹಿಡಿದುಕೊಳ್ಳುವ ಒಂದು ವಸ್ತುವನ್ನೂ ಅದು ಸ್ರವಿಸುತ್ತದೆ. ಕಬ್ಬಿಣ ಸಿಗದ ರೋಗಾಣು ಸೊರಗುತ್ತದೆ. ಪ್ರಯೋಗಾಲಯದ ತಟ್ಟೆಯನ್ನು ಅತಿನೇರಳೆ ದೀಪದಡಿ ಹಿಡಿದರೆ ಹಳದಿ ಮಿಶ್ರಿತ ಹಸಿರಾಗಿ ಹೊಳೆಯುವುದು ಇದೇ ವಸ್ತು.

ಶೀಘ್ರ ಸೊರಗು ರೋಗ ತರುವ ಮೆಣಸಿನ ವೈರಿ, ಫೈಟೋಫ್ಥೋರಾ ಕ್ಯಾಪ್ಸಿಸಿ ಎಂಬ ರೋಗಾಣುವಿಗೆ ಇನ್ನೊಂದು ದೌರ್ಬಲ್ಯವಿದೆ. ಅದರ ಬೀಜಕಣಗಳು ಮಳೆನೀರಿನಲ್ಲಿ ಈಜಿ ಬೇರು ತಲುಪುತ್ತವೆ, ಈಜುವಾಗ ಅವಕ್ಕೆ ಕೋಶಭಿತ್ತಿಯೇ ಇರುವುದಿಲ್ಲ. ವಿಯೆಟ್ನಾಮಿನ ಮೆಣಸಿನ ಬೇರುಗಳಲ್ಲಿ ಸಿಕ್ಕ ಕೆಲವು ಸೂಡೊಮೋನಾಸ್‌ಗಳು ಸಾಬೂನಿನ ಗುಣದ ವಸ್ತು ತಯಾರಿಸಿ ಈ ಬೀಜಕಣಗಳನ್ನು ಒಡೆದುಹಾಕುತ್ತವೆ. ಬೀಜಕಣ ಬರುವ ಮೊದಲೇ ದುಂಡಾಣು ಬೇರಿನ ಮೇಲೆ ಇದ್ದರೆ ಮಾತ್ರ ಇದೆಲ್ಲ ನಡೆಯುವ ಮಾತು.

ಬೇರಿನ ಒಳಗೇ ವಾಸಿಸುವ ದುಂಡಾಣುಗಳೂ ಇವೆ. ಕೋಝಿಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮೆಣಸಿನ ಬಳ್ಳಿಯೊಳಗಿಂದ ಇಂಥವನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ರೋಗ ತಡೆಯುವುದರಲ್ಲಿ ಮುಂದಿದ್ದವುಗಳಲ್ಲಿ ಸೂಡೊಮೋನಾಸ್ ಏರುಜಿನೋಸಾ ಕೂಡ ಒಂದು. ಆದರೆ ಇದೇ ಜಾತಿ ಆಸ್ಪತ್ರೆಗಳಲ್ಲಿ ನಿಶ್ಶಕ್ತ ರೋಗಿಗಳ ಗಾಯಕ್ಕೆ, ಶ್ವಾಸಕೋಶಕ್ಕೆ ಸೋಂಕು ತರುತ್ತದೆ. ಮನೆಯಲ್ಲೇ ಯಾವುದೋ ದುಂಡಾಣುವನ್ನು ಡ್ರಮ್ಮಿನಲ್ಲಿ ಬೆಳೆಸಿ ಸಿಂಪಡಿಸುವ ಉತ್ಸಾಹಿಗಳಿಗೆ ನಾನು ಹೇಳುವುದು ಇಷ್ಟೇ: ಬಳ್ಳಿಗೆ ಒಳ್ಳೆಯದಾದದ್ದೆಲ್ಲ ನಿಮಗೂ ಒಳ್ಳೆಯದಲ್ಲ.

ಪ್ಯಾಕೆಟ್ ಕೊಳ್ಳುವಾಗ ಬೆಲೆಗಿಂತ ಮೊದಲು ತಯಾರಿಕೆಯ ದಿನಾಂಕ ನೋಡಿ. ಟಾಲ್ಕ್ ಪುಡಿಯಲ್ಲಿ ಗ್ರಾಂಗೆ ಕನಿಷ್ಠ 10 ಕೋಟಿ ಜೀವಂತ ಕೋಶ ಇರಬೇಕು. ಸೂಡೊಮೋನಾಸ್‌ಗೆ ಬ್ಯಾಸಿಲಸ್ ಎಂಬ ಇನ್ನೊಂದು ದುಂಡಾಣುವಿನಂತೆ ಗಟ್ಟಿ ಬೀಜಕಣವಾಗಿ ಕಾಲ ತಳ್ಳುವ ಸಾಮರ್ಥ್ಯ ಇಲ್ಲ. ಅಂಗಡಿಯ ಮುಂದೆ ಬಿಸಿಲಿಗೆ ಒಣಗಿದ ಪ್ಯಾಕೆಟ್ಟಿನಲ್ಲಿ ಉಳಿಯುವುದು ಬರೀ ಟಾಲ್ಕ್.

ಹಾಕಲು ಒಳ್ಳೆಯ ಜಾಗ ನರ್ಸರಿ. ಪಾಲಿಥೀನ್ ಚೀಲದ ಮಣ್ಣಿಗೇ ಬೆರೆಸಿದರೆ ಗಿಡ ತೋಟಕ್ಕೆ ಬರುವಾಗಲೇ ಬೇರಿನ ಮೇಲೆ ದುಂಡಾಣು ನೆಲೆಸಿರುತ್ತದೆ. ತೋಟದಲ್ಲಾದರೆ ಮುಂಗಾರಿನ ಮೊದಲ ಮಳೆಗೆ ನೆಲ ತೇವವಾದಾಗ, ಕಳಿತ ಕೊಟ್ಟಿಗೆ ಗೊಬ್ಬರದ ಜೊತೆ ಬುಡಕ್ಕೆ. ಬುಡಕ್ಕೆ ಮೈಲುತುತ್ತದ ದ್ರಾವಣ ಸುರಿದಿದ್ದರೆ 15 ದಿನವಾದರೂ ತಡೆಯಿರಿ, ಅದರ ತಾಮ್ರ ದುಂಡಾಣುವನ್ನೂ ಕೊಲ್ಲುತ್ತದೆ. ಅದೇ ದಿನ ಎರಡನ್ನೂ ಹಾಕಿ ಮುಗಿಸುವವರೇ ಜಾಸ್ತಿ, ಕೂಲಿ ಆಳಿನ ತಾಪತ್ರಯ ನನಗೂ ಗೊತ್ತು. ಬಸಿಗಾಲುವೆ ಇಲ್ಲದೆ ಬುಡದಲ್ಲಿ ನೀರು ನಿಲ್ಲುವ ತೋಟದಲ್ಲಂತೂ ಯಾವ ಪ್ಯಾಕೆಟ್ಟೂ ಕೈ ಹಿಡಿಯುವುದಿಲ್ಲ.

ಇನ್ನು ಆಗಸ್ಟಿನಲ್ಲಿ ಫೋನ್ ಮಾಡುವವರಿಗೆ: ಸತ್ತ ಬಳ್ಳಿಯನ್ನು ಬೇರುಸಮೇತ ಕಿತ್ತು ಸುಡಿ. ಸುತ್ತಲಿನ ಬಳ್ಳಿಗಳ ಬುಡಕ್ಕೆ ಲೀಟರ್ ನೀರಿಗೆ 2 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ರೋಗನಾಶಕ) ಬೆರೆಸಿ, ಬಳ್ಳಿಗೆ 5ರಿಂದ 10 ಲೀಟರ್ ಸುರಿಯಿರಿ. ಸೂಡೊಮೋನಾಸ್ ಸರದಿ ಅದಾಗಿ ಎರಡು ವಾರಕ್ಕೆ, ಅದೂ ಹಸಿರಾಗಿರುವ ಬಳ್ಳಿಗಳಿಗೆ ಮಾತ್ರ.