ಬಳ್ಳಾರಿ ಸೀಮೆಯ ಬೂದಿದಿಬ್ಬಗಳು: ವಾಲಿಯ ಚಿತೆಯೇ, ಜ್ವಾಲಾಮುಖಿಯೇ?

ಪ್ರಶ್ನೆ: ಹಂಪಿ ಹತ್ತಿರದ ನಿಂಬಾಪುರದಲ್ಲಿ ಒಂದು ಬೂದಿಯ ದಿಬ್ಬ ಇದೆ, ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯಲ್ಲೂ ಅಂಥದ್ದೇ ಇದೆ. ಕರಗಿ ಗಟ್ಟಿಯಾದ ತುಂಡುಗಳನ್ನು ನೋಡಿದರೆ ಜ್ವಾಲಾಮುಖಿ ಇರಬಹುದೇ ಅನ್ನಿಸುತ್ತದೆ. ನಿಜಕ್ಕೂ ಅದೇನು, ಎಷ್ಟು ಹಳೆಯದು?

ಉತ್ತರ: ಅದು ದನದ ಸಗಣಿ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿ ದನ ಸಾಕಿಕೊಂಡಿದ್ದ ಜನ ಹಟ್ಟಿಯ ಸಗಣಿಯನ್ನು ಒಂದೇ ಕಡೆ ಒಟ್ಟಿ, ಮತ್ತೆ ಮತ್ತೆ ಬೆಂಕಿ ಕೊಟ್ಟಿದ್ದರಿಂದ ಈ ದಿಬ್ಬಗಳು ಎದ್ದಿವೆ. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆ ಮತ್ತು ಪಕ್ಕದ ಆಂಧ್ರ, ತೆಲಂಗಾಣದಲ್ಲಿ ಇಂಥವು ನೂರಕ್ಕೂ ಹೆಚ್ಚು ಗುರುತಾಗಿವೆ. ಕೆಲವು ನೆಲದಿಂದ ಅಷ್ಟೇನೂ ಮೇಲೆದ್ದಿಲ್ಲ, ಕೆಲವು ಎರಡಾಳೆತ್ತರ ಮೀರಿವೆ.

ಜ್ವಾಲಾಮುಖಿಯ ಮಾತನ್ನು ಬೇಗ ಮುಗಿಸಬಹುದು. ಈ ದಿಬ್ಬಗಳು ಕಣಶಿಲೆಯ ಬಯಲಲ್ಲಿ ಒಂಟಿಯಾಗಿ ಕೂತಿವೆ, ಕೆಳಗೆ ಲಾವಾ ಬಂದ ಬಾಯಿ ಇಲ್ಲ. ದಖನ್ನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅದರ ನಡುವೆ ಕೈಯಲ್ಲಿ ಮಾಡಿದ ಮಡಕೆಯ ಚೂರು, ಉಜ್ಜಿ ನಯಮಾಡಿದ ಕಲ್ಲುಕೊಡಲಿ ಸಿಗಲು ಸಾಧ್ಯವಿಲ್ಲ. ಚಿತೆಯಾಗಿದ್ದರೆ ಸುಟ್ಟ ಮನುಷ್ಯರ ಮೂಳೆ ರಾಶಿಯಾಗಿ ಇರಬೇಕಿತ್ತು; ಸಿಗುವುದು ಬಹುಪಾಲು ದನದ ಮೂಳೆ. ಕಬ್ಬಿಣ ಕರಗಿಸಿದ ಜಾಗ ಎಂದೂ ಒಂದು ಕಾಲಕ್ಕೆ ಊಹಿಸಿದ್ದರು. ಆದರೆ ಕಬ್ಬಿಣದ ಕಿಟ್ಟ ಕಪ್ಪಗೆ ಭಾರವಾಗಿರುತ್ತದೆ. ಇಲ್ಲಿನ ತುಂಡು ಬೂದುಬಣ್ಣದ್ದು, ಒಳಗೆಲ್ಲ ಗುಳ್ಳೆ, ಎತ್ತಿದರೆ ಹಗುರ. ಈ ಸೀಮೆಯಲ್ಲಿ ಕಬ್ಬಿಣ ಬಳಕೆಗೆ ಬಂದದ್ದೂ ಈ ದಿಬ್ಬಗಳು ಶುರುವಾದ ಎಷ್ಟೋ ಶತಮಾನಗಳ ನಂತರ.

ಸಗಣಿ ಕಲ್ಲಾಗುವುದು ಹೇಗೆ? ಒಲೆಯಲ್ಲಿ ಬೆರಣಿ ಸುಟ್ಟರೆ ಮೆತ್ತನೆಯ ಬೂದಿ ಮಾತ್ರ ಉಳಿಯುತ್ತದೆಯಲ್ಲ ಎಂಬ ಅನುಮಾನ ಸಹಜ. ಹುಲ್ಲಿನ ಜೀವಕೋಶಗಳಲ್ಲಿ ಸಿಲಿಕಾದ ಸಣ್ಣ ಕಣಗಳಿರುತ್ತವೆ. ದನದ ಹೊಟ್ಟೆಯಲ್ಲಿ ಅವು ಕರಗದೆ ಸಗಣಿಗೆ ಬರುತ್ತವೆ. ಶುದ್ಧ ಸಿಲಿಕಾ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಸಗಣಿಯಲ್ಲೇ ಇರುವ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ ಲವಣಗಳು ಆ ಮಟ್ಟವನ್ನು ನೂರಾರು ಡಿಗ್ರಿ ಇಳಿಸುತ್ತವೆ. ಒಲೆಯಲ್ಲಿ ಬಿಸಿ ಹೊರಗೆ ಹೋಗಿಬಿಡುತ್ತದೆ. ದೊಡ್ಡ ರಾಶಿಯಲ್ಲಾದರೆ ಮೇಲಿನ ಬೂದಿಯೇ ಹೊದಿಕೆಯಾಗಿ ಶಾಖವನ್ನು ಒಳಗೆ ಹಿಡಿದಿಡುತ್ತದೆ. ಒಳಗಿನದು ನಿಧಾನಕ್ಕೆ ಉರಿದು, ಸಿಲಿಕಾ ಕರಗಿ, ಆರಿದಾಗ ಗಾಜಿನಂಥ ಗಟ್ಟಿ ಪದರವಾಗುತ್ತದೆ. ಬೆಂಕಿ ಸರಿಯಾಗಿ ತಗಲದ ಕಡೆ ಸಡಿಲವಾದ ಬಿಳಿ ಬೂದಿ ಅಥವಾ ಕೊಳೆತು ಒಣಗಿದ ಕಂದು ಸಗಣಿಯೇ ಉಳಿದಿರುತ್ತದೆ. ದಿಬ್ಬದ ಕತ್ತರಿಸಿದ ಮಗ್ಗುಲಲ್ಲಿ ಈ ಮೂರೂ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಬೆಂಕಿ ಒಂದೇ ಸಲ ಬಿದ್ದದ್ದಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಈ ದಿಬ್ಬಗಳ ಬಗ್ಗೆ ಬ್ರಿಟಿಷ್ ಸೇನಾಧಿಕಾರಿ ನ್ಯೂಬೋಲ್ಡ್ 1836ರಲ್ಲೇ ಬರೆದಿದ್ದ. ಸುಟ್ಟ ಸಗಣಿ ಎಂದು ಮೊದಲು ಗಟ್ಟಿಯಾಗಿ ಹೇಳಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಹಳೆಯ ಮಹಬೂಬನಗರ ಜಿಲ್ಲೆಯ ಉಟ್ನೂರಿನಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಅಗೆದಾಗ ಬೂದಿಯ ಕೆಳಗೆ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಗುಳಿಗಳೂ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಅಲ್ಲಿಗೆ ಹಳೆಯ ವಾದ ತೀರಿತು. ಆಮೇಲೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ತ್ವಜ್ಞ ಪದ್ದಯ್ಯ ಅವರ ತಂಡ ನಡೆಸಿದ ಉತ್ಖನನ ಇನ್ನೊಂದು ಮುಖ್ಯ ವಿಷಯ ತೋರಿಸಿತು: ದಿಬ್ಬದ ಪಕ್ಕದಲ್ಲೇ ಜನ ವಾಸವಿದ್ದರು, ಪ್ರಾಣಿಗಳನ್ನು ಕಡಿದು ಹಂಚುವ ನೆಲವೂ ಅಲ್ಲಿತ್ತು. ಅಂದರೆ ಇವು ಅಲೆಮಾರಿಗಳ ಖಾಲಿ ದೊಡ್ಡಿಗಳಷ್ಟೇ ಅಲ್ಲ, ಊರುಗಳು.

ಕಾಲದ ಮಾತಿಗೆ ಬರೋಣ. ದಕ್ಷಿಣದ ನವಶಿಲಾಯುಗವನ್ನು ಸುಮಾರು ಕ್ರಿ.ಪೂ. 3000ರಿಂದ 1200ರವರೆಗೆ ಇಡುತ್ತಾರೆ. ಹರಪ್ಪ, ಮೊಹೆಂಜೊದಾರೊಗಳ ಉಚ್ಛ್ರಾಯ ಕ್ರಿ.ಪೂ. 2600–1900. ಅಲ್ಲಿ ಸುಟ್ಟ ಇಟ್ಟಿಗೆಯ ನಗರ ಎದ್ದ ಕಾಲದಲ್ಲೇ ಇಲ್ಲಿ ದನದ ಹಟ್ಟಿಗಳು. ಭಾರತದ ನಾಗರಿಕತೆಯ ಮೊದಲ ಅಧ್ಯಾಯವೆಂದರೆ ಸಿಂಧೂ ಬಯಲು ಮಾತ್ರ ಎಂದು ಪಾಠ ಹೇಳುವುದು ಈ ನೆಲಕ್ಕೆ ಮಾಡುವ ಅನ್ಯಾಯ. ಬಳ್ಳಾರಿ ಹತ್ತಿರದ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಲ್ಲಿ ತೇಲಿಸಿ ಸೋಸಿದಾಗ ಸಿಕ್ಕ ಕರಕಲು ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಮುಖ್ಯ. ಗೋದಿ, ಬಾರ್ಲಿ ಬಂದದ್ದು ಆಮೇಲೆ, ಅದೂ ಸ್ವಲ್ಪವೇ. ಇಲ್ಲಿನ ಮಳೆ, ಇಲ್ಲಿನ ಕಾಳು, ಇಲ್ಲಿಯವರೇ ಕಟ್ಟಿಕೊಂಡ ಬೇಸಾಯ. ರಾಗಿ, ಜೋಳ ನಮ್ಮ ಆದಿಯ ಊಟ ಎಂದು ಅನೇಕರು ನಂಬಿದ್ದಾರೆ. ಅವೆರಡೂ ಮೂಲತಃ ಆಫ್ರಿಕಾದವು, ಈ ಜನರ ಮೊದಲ ಬೆಳೆಗಳಲ್ಲಿ ಅವಿರಲಿಲ್ಲ.

ಇಷ್ಟೊಂದು ಸಗಣಿಯನ್ನು ಹೊಲಕ್ಕೆ ಹಾಕದೆ ಸುಟ್ಟದ್ದೇಕೆ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕಸ ಮತ್ತು ಹುಳುಹುಪ್ಪಟೆಯ ಕಾಟ ಕಳೆಯಲು ಎಂದು ಒಂದು ವಾದ. ಋತುವಿಗೊಮ್ಮೆ ನಡೆದ ಆಚರಣೆ ಎಂದು ಆಲ್ಚಿನ್ ವಾದಿಸಿದರು. ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುವ ನಮ್ಮ ಪದ್ಧತಿ ಇಲ್ಲಿ ನೆನಪಾಗುತ್ತದೆ, ಆದರೆ ನಾಲ್ಕು ಸಾವಿರ ವರ್ಷಗಳ ಕೊಂಡಿಯನ್ನು ಹೋಲಿಕೆಯೊಂದರಿಂದ ಸಾಧಿಸಲಾಗದು. ಕಸವಷ್ಟೇ ಆಗಿದ್ದರೆ ತಲೆಮಾರುಗಟ್ಟಲೆ ಒಂದೇ ಜಾಗದಲ್ಲಿ ಎತ್ತರಕ್ಕೆ ಒಟ್ಟುವ ಅಗತ್ಯವಿರಲಿಲ್ಲ. ಹಾಗಾಗಿ ಆಚರಣೆಯ ಅಂಶ ಇತ್ತೆಂಬ ವಾದವೇ ಹೆಚ್ಚು ಒಪ್ಪುವಂತಿದೆ.

ನೋಡಲು ಹೋಗುವವರು ದಿಬ್ಬದ ಬುಡದ ಹೊಲಗಳನ್ನೂ ಗಮನಿಸಿ: ಬೀಸುವ ಕಲ್ಲು, ಬೂದುಬಣ್ಣದ ಮಡಕೆಚೂರು ಅಲ್ಲೇ ಹೆಚ್ಚು. ಕಂಡದ್ದನ್ನು ಇದ್ದಲ್ಲೇ ಬಿಟ್ಟು ಚಿತ್ರ ತೆಗೆದುಕೊಳ್ಳಿ, ಹೊಸ ದಿಬ್ಬ ಅನ್ನಿಸಿದರೆ ಪುರಾತತ್ತ್ವ ಇಲಾಖೆಗೆ ತಿಳಿಸಿ. ಗೊಬ್ಬರಕ್ಕೆ, ರಸ್ತೆಗೆ ಎಂದು ಬೂದಿ ಅಗೆದಾಗ ಪದರಗಳು ಕಲಸಿಹೋಗುತ್ತವೆ. ಯಾವ ಇದ್ದಿಲು ಯಾವ ಪದರದ್ದು ಎಂದು ಗೊತ್ತಿಲ್ಲದಿದ್ದರೆ ಅದರ ಇಂಗಾಲದ ಕಾಲನಿರ್ಣಯ ದಿಬ್ಬದ ವಯಸ್ಸನ್ನು ಹೇಳಲಾರದು.