ನಿಷೇಧ ಬೆಳ್ತಿಗೆಗೆ, ಸುಂಕ ಕುಚ್ಚಲಕ್ಕಿಗೆ

2023ರಲ್ಲಿ ಕೇಂದ್ರ ಸರ್ಕಾರ ರಫ್ತು ನಿಷೇಧಿಸಿದ್ದು ಬೆಳ್ತಿಗೆ ಅಕ್ಕಿಯನ್ನು, ಅಂದರೆ ಭತ್ತವನ್ನು ಬೇಯಿಸದೆ ಮಾಡುವ ಬಿಳಿ ಅಕ್ಕಿಯನ್ನು. ಹಾಗಿದ್ದರೆ ಭತ್ತ ಬೇಯಿಸಿ ಮಾಡುವ, ನಾವು ಉಣ್ಣುವ ಕುಚ್ಚಲಕ್ಕಿಗೂ ಅದಕ್ಕೂ ಏನು ಸಂಬಂಧ? ಗಿರಣಿಗಳಿಗೆ ಅಕ್ಕಿಯ ಗುಣಮಟ್ಟದ ಬಗ್ಗೆ ಸಲಹೆ ನೀಡುವ ನನಗೆ ಕುಮಟಾ, ಹೊನ್ನಾವರದ ಅಂಗಡಿಕಾರರಿಂದ ಈ ಪ್ರಶ್ನೆ ಇಂದಿಗೂ ಬರುತ್ತದೆ.

ಜಗತ್ತು ವರ್ಷಕ್ಕೆ 52 ಕೋಟಿ ಟನ್ನಿಗೂ ಹೆಚ್ಚು ಅಕ್ಕಿ ಉತ್ಪಾದಿಸುತ್ತದೆ. ಅದರಲ್ಲಿ ಅರ್ಧಕ್ಕೂ ಮಿಕ್ಕಿ ಭಾರತ ಮತ್ತು ಚೀನಾದ್ದು. ಆದರೆ ಬೆಳೆಯುವ ದೇಶಗಳೇ ಉಣ್ಣುವ ದೇಶಗಳೂ ಆಗಿರುವುದರಿಂದ ಗಡಿ ದಾಟುವುದು ಸುಮಾರು ಹತ್ತನೇ ಒಂದು ಪಾಲು ಮಾತ್ರ. ಗೋಧಿಯಲ್ಲಿ ಅದು ನಾಲ್ಕನೇ ಒಂದರ ಆಸುಪಾಸಿನಲ್ಲಿದೆ. ಅಕ್ಕಿಯ ಆ ಕಿರಿದಾದ ಪಾಲಿನಲ್ಲೂ ಶೇ. 40ರಷ್ಟನ್ನು ಭಾರತವೊಂದೇ ಪೂರೈಸುತ್ತಿತ್ತು. ಹೀಗಾಗಿ ಈ ವ್ಯಾಪಾರದಲ್ಲಿ ಮಳೆಗಿಂತ ಸರ್ಕಾರಿ ಅಧಿಸೂಚನೆಗೇ ಬೆಲೆ ಬೇಗ ಅಲುಗಾಡುತ್ತದೆ ಎಂಬುದು ನನ್ನ ಅಭಿಪ್ರಾಯ. 2008ರಲ್ಲಿ ಭಾರತ, ವಿಯೆಟ್ನಾಂ ರಫ್ತಿಗೆ ತಡೆಯೊಡ್ಡಿ, ಫಿಲಿಪ್ಪೀನ್ಸ್ ಗಾಬರಿಯಿಂದ ಖರೀದಿಗಿಳಿದಾಗ ಥಾಯ್ ಅಕ್ಕಿ ಟನ್ನಿಗೆ 1000 ಡಾಲರಿನ ಸಮೀಪಕ್ಕೆ ಏರಿತ್ತು. ಜಪಾನ್ ತನ್ನ ಗೋದಾಮಿನ ಆಮದು ಅಕ್ಕಿಯನ್ನು ಬಿಡುಗಡೆ ಮಾಡಬಹುದೆಂಬ ಸುದ್ದಿ ಬಂದದ್ದೇ ತಡ, ಮೂಟೆಗಳು ಕದಲುವ ಮೊದಲೇ ಬೆಲೆ ಇಳಿಯತೊಡಗಿತು.

ಇನ್ನು, ಅಕ್ಕಿಯೆಂದರೆ ಒಂದೇ ಸರಕಲ್ಲ. ಸುಂಕದ ಪಟ್ಟಿಯಲ್ಲಿ ಬಾಸ್ಮತಿ, ಕುಚ್ಚಲಕ್ಕಿ, ನುಚ್ಚು, ಉಳಿದ ಬೆಳ್ತಿಗೆ ಇವುಗಳಿಗೆ ಬೇರೆ ಬೇರೆ ಸಂಕೇತಗಳಿವೆ. 2022ರ ಸೆಪ್ಟೆಂಬರಿನಲ್ಲಿ ನುಚ್ಚಿನ ರಫ್ತು ನಿಂತಿತು, 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬೆಳ್ತಿಗೆಯದೂ ನಿಂತಿತು. ವಿದೇಶಿ ಬೇಡಿಕೆ ಕುಚ್ಚಲಕ್ಕಿಯತ್ತ ತಿರುಗಿತು. ಆಗಸ್ಟ್ 25ರಂದು ಅದರ ಮೇಲೆ ಶೇ. 20 ರಫ್ತು ಸುಂಕ ಬಿತ್ತು. ಅಂಗಡಿಕಾರರ ಪ್ರಶ್ನೆಗೆ ಉತ್ತರ ಈ ಐದು ವಾರಗಳಲ್ಲಿದೆ: ಒಂದು ಬಾಗಿಲು ಮುಚ್ಚಿದಾಗ ಹೊರಗಿನ ಗಿರಾಕಿ ನಮ್ಮ ಊಟದ ಅಕ್ಕಿಯನ್ನೇ ಕೇಳತೊಡಗಿದ್ದ.

ಬೆಳ್ತಿಗೆಯನ್ನೇ ಕುಚ್ಚಲಕ್ಕಿ, ಬಾಸ್ಮತಿ ಎಂದು ನಮೂದಿಸಿ ಸಾಗಿಸುತ್ತಿದ್ದಾರೆಂದು ಸರ್ಕಾರವೇ ಆಗ ಹೇಳಿತು. ಕಾಗದದಲ್ಲಿ ಇದು ಸುಲಭ, ತಟ್ಟೆಯಲ್ಲಿ ಕಷ್ಟ. ಮಾದರಿಯನ್ನು ಕಪ್ಪು ತಟ್ಟೆಯ ಮೇಲೆ ಹರಡಿದರೆ ಚೆನ್ನಾಗಿ ಬೆಂದ ಕುಚ್ಚಲಕ್ಕಿಯ ಕಾಳು ತುಸು ಹಳದಿಯಾಗಿ, ಬೆಳಕಿಗೆ ಹಿಡಿದರೆ ಗಾಜಿನಂತೆ ಕಾಣುತ್ತದೆ. ಬೆಳ್ತಿಗೆಯ ಹಲವು ಕಾಳುಗಳ ಹೊಟ್ಟೆಯಲ್ಲಿರುವ ಸುಣ್ಣದಂಥ ಬಿಳಿ ಚುಕ್ಕೆ ಅದರಲ್ಲಿ ಇರುವುದಿಲ್ಲ. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ ಒಣಗಿಸುವಾಗ ಒಳಗಿನ ಪಿಷ್ಟ ಮೆತ್ತಗಾಗಿ ಕಾಳಿನ ಬಿರುಕುಗಳನ್ನು ಬೆಸೆಯುತ್ತದೆ. ಆದ್ದರಿಂದಲೇ ಗಿರಣಿಯಲ್ಲಿ ನುಚ್ಚು ಕಡಿಮೆ. ಶೇ. 5 ನುಚ್ಚು, ಶೇ. 25 ನುಚ್ಚು ಎಂದೇ ಅಂತರರಾಷ್ಟ್ರೀಯ ದರ ಗೊತ್ತಾಗುವ ವ್ಯಾಪಾರದಲ್ಲಿ ಇದು ಸಣ್ಣ ಲಾಭವಲ್ಲ. ಅಂದ ಹಾಗೆ, ನುಚ್ಚೆಂದರೆ ಕಸವಲ್ಲ. ಸೆನೆಗಲ್‌ನವರು ಊಟಕ್ಕೆಂದು ಅದನ್ನೇ ಆರಿಸಿ ಕೊಳ್ಳುತ್ತಾರೆ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಟನ್ನಿಗೆ 490 ಡಾಲರ್ ಕನಿಷ್ಠ ಬೆಲೆಯೊಂದಿಗೆ ಬೆಳ್ತಿಗೆಯ ನಿಷೇಧ ತೆರವಾಯಿತು. ಅಕ್ಟೋಬರಿನಲ್ಲಿ ಆ ಕನಿಷ್ಠ ಬೆಲೆಯೂ ಕುಚ್ಚಲಕ್ಕಿಯ ಸುಂಕವೂ ಹೋದವು. 2025ರ ಮಾರ್ಚಿನಲ್ಲಿ ನುಚ್ಚಿಗೂ ದಾರಿಯಾಯಿತು.

ಬನವಾಸಿ, ಮುಂಡಗೋಡ ಕಡೆಯ ಭತ್ತ ಕೊಂಡು ರಫ್ತುದಾರರಿಗೆ ಅಕ್ಕಿ ಪೂರೈಸಲು ಹೊರಟವರಿಗೆ ನಾನು ಹೇಳುವುದು ಇಷ್ಟೇ: ದರದ ಜೊತೆಗೆ, ನಡುವೆ ಸುಂಕ ಬಿದ್ದರೆ ಯಾರು ಭರಿಸಬೇಕೆಂಬುದೂ ಕರಾರಿನಲ್ಲಿ ಬರೆದಿರಲಿ. 2023ರ ಜುಲೈ ಆದೇಶದಲ್ಲಿ, ಅಧಿಸೂಚನೆಗೆ ಮೊದಲೇ ಹಡಗಿಗೆ ತುಂಬಲು ಆರಂಭಿಸಿದ್ದ ಸರಕಿಗೆ ವಿನಾಯಿತಿ ಇತ್ತು. ಗಿರಣಿಯಲ್ಲೇ ಉಳಿದ ಮೂಟೆಗಳಿಗೆ ಇರಲಿಲ್ಲ.