ಮುರಕಲ್ಲಿನಡಿಯ ಶೇಡಿ ಮಣ್ಣು: ಯಂತ್ರ ಎಡವುವುದು ಎಲ್ಲಿ?

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಬೋರಿನ ಪಾಯಿಂಟ್ ನೋಡಿಸುವವರ ಮೊದಲ ಪ್ರಶ್ನೆ ಒಂದೇ: ಎಷ್ಟು ಅಡಿಗೆ ನೀರು? ನೀರನ್ನೇ ನೋಡುವ ಯಂತ್ರ ನಮ್ಮಲ್ಲಿಲ್ಲ. ಸೈಸ್ಮಿಕ್ ಉಪಕರಣ ನೆಲದೊಳಗೆ ಕಂಪನ ಓಡುವ ವೇಗವನ್ನು ಅಳೆಯುತ್ತದೆ. ವಿದ್ಯುತ್ಕಾಂತೀಯ ಉಪಕರಣ ನೆಲ ಎಷ್ಟು ವಿದ್ಯುತ್ ಹರಿಯಬಿಡುತ್ತದೆ ಎಂದು ತೋರಿಸುತ್ತದೆ. ಉಳಿದದ್ದು ಊಹೆ. ಆ ಊಹೆ ಕಾಸರಗೋಡಿನ ಪದವುಗಳಲ್ಲಿ (ಎತ್ತರದ ಕಲ್ಲುಬಯಲುಗಳಲ್ಲಿ) ಬೇಗ ಕೈಕೊಡುತ್ತದೆ.

ಇಲ್ಲಿ ಮೇಲೆ ಗಟ್ಟಿ ಮುರಕಲ್ಲು (ಲ್ಯಾಟರೈಟ್), ಅದರಡಿ ಮೆತ್ತಗಿನ ಶೇಡಿ ಮಣ್ಣು, ಆಮೇಲೆ ಕರಿಬಂಡೆ. ಸುತ್ತಿಗೆಯಿಂದ ನೆಲಕ್ಕೆ ಪೆಟ್ಟು ಕೊಟ್ಟು, ಒಳಪದರಗಳಲ್ಲಿ ಬಾಗಿ ಮೇಲೆ ಬರುವ ಅಲೆ ಹಿಡಿಯುವ ಸೈಸ್ಮಿಕ್ ರಿಫ್ರಾಕ್ಷನ್ ವಿಧಾನ ನಂಬಿರುವುದು ಆಳಕ್ಕೆ ಹೋದಂತೆ ವೇಗ ಹೆಚ್ಚುತ್ತದೆ ಎಂಬುದನ್ನು. ವೇಗ ಕಡಿಮೆ ಇರುವ ಶೇಡಿ ಪದರದಿಂದ ವಕ್ರೀಭವನದ ಅಲೆ ಮೇಲಕ್ಕೆ ಬರುವುದೇ ಇಲ್ಲ, ಗ್ರಾಫಿನಲ್ಲಿ ಆ ಪದರ ಮಾಯ. 5 ಮೀಟರ್ ಮುರಕಲ್ಲು (ಸೆಕೆಂಡಿಗೆ 1500 ಮೀಟರ್), ಅದರಡಿ 10 ಮೀಟರ್ ಒಣ ಶೇಡಿ (600), ಕೆಳಗೆ ಬಂಡೆ (5000) ಎಂದಿಟ್ಟುಕೊಳ್ಳಿ. ಅಲೆ ಶೇಡಿಯಲ್ಲಿ ಕಳೆದ ಹೊತ್ತನ್ನೆಲ್ಲ ಲೆಕ್ಕ ಮುರಕಲ್ಲಿನ ತಲೆಗೆ ಕಟ್ಟುತ್ತದೆ. 15 ಮೀಟರಿನಲ್ಲಿರುವ ಬಂಡೆ 31 ಮೀಟರಿನಲ್ಲಿದೆ ಎಂದು ವರದಿ ಬರುತ್ತದೆ. ಮಣ್ಣು ಕುಸಿಯದಂತೆ ಬಂಡೆಯವರೆಗೆ ಇಳಿಸುವ ಕೇಸಿಂಗ್ ಪೈಪಿನ ಅಂದಾಜು ದುಪ್ಪಟ್ಟು!

ಮದ್ದು ಅದೇ ಸುತ್ತಿಗೆ ಪೆಟ್ಟಿನಲ್ಲಿದೆ. 4.5 ಹರ್ಟ್ಸ್‌ನ 24 ಜಿಯೋಫೋನುಗಳನ್ನು (ನೆಲದ ಕಂಪನ ಹಿಡಿಯುವ ಸಂವೇದಕಗಳನ್ನು) ಎರಡೆರಡು ಮೀಟರಿಗೆ ನೆಟ್ಟು, ನೆಲದ ಮೇಲ್ಮೈಯಲ್ಲಿ ಹರಡುವ ಅಲೆಗಳನ್ನೂ ವಿಶ್ಲೇಷಿಸಿದರೆ (ಇದಕ್ಕೆ ಎಂಎಎಸ್‌ಡಬ್ಲ್ಯೂ ಎನ್ನುತ್ತಾರೆ) ಗಟ್ಟಿಯ ಕೆಳಗಿನ ಮೆದು ಪದರ ಕಾಣುತ್ತದೆ. ಸುಮಾರು 20 ಮೀಟರ್ ಆಳದವರೆಗೆ ಅದನ್ನು ನಂಬಬಹುದು.

ಜಿಯೋಫೋನಿನ ಮೊಳೆ ಮುರಕಲ್ಲಿಗೆ ಇಳಿಯುವುದಿಲ್ಲ. ಕಲ್ಲಿನ ಮೇಲೆ ಸುಮ್ಮನೆ ಇಟ್ಟರೆ ದಾಖಲೆ ತುಂಬ ಗದ್ದಲವೇ. ಡ್ರಿಲ್ಲಿನಿಂದ ತೂತು ಕೊರೆದು ಮೊಳೆ ಕೂರಿಸಿ, ಸುತ್ತ ಹಸಿ ಮಣ್ಣು ಒತ್ತಬೇಕು. ಗಾಳಿಗೆ ಅಡಿಕೆ ಮರ ತೂಗಿದರೆ ಬೇರಿನ ಮೂಲಕ ನೆಲವೂ ನಡುಗುತ್ತದೆ. ಹಾಗಾಗಿ ಬೆಳಗ್ಗೆ ಬೇಗ ಕೆಲಸ ಮುಗಿಸಿ, ಪಂಪು ನಿಲ್ಲಿಸಿ. ಒಂದೇ ಜಾಗದಲ್ಲಿ ಹತ್ತು ಪೆಟ್ಟು ಹೊಡೆದು ಕೂಡಿಸಿದರೆ ಒಂದೇ ಪೆಟ್ಟಿಗೆ ಹೋಲಿಸಿದರೆ ಸಂಕೇತ ಗದ್ದಲದಿಂದ ಸುಮಾರು ಮೂರು ಪಟ್ಟು ಮೇಲೇಳುತ್ತದೆ.

ಬಂಡೆಯೊಳಗಿನ ಬಿರುಕು ಹುಡುಕುವುದು ವಿಎಲ್‌ಎಫ್‌ನ, ಅಂದರೆ ತೀರ ಕಡಿಮೆ ಆವರ್ತನದ ರೇಡಿಯೋ ಅಲೆ ಬಳಸುವ ವಿದ್ಯುತ್ಕಾಂತೀಯ ವಿಧಾನದ ಕೆಲಸ. ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಲ್ಲಿ ನೌಕಾಪಡೆಯ ಪ್ರಸಾರ ಕೇಂದ್ರವಿದೆ. ಅದರ 18.2 ಕಿಲೋಹರ್ಟ್ಸ್ ಸಂಕೇತವನ್ನು ನಾವು ಬಿಟ್ಟಿಯಾಗಿ ಬಳಸಿಕೊಳ್ಳಬಹುದು. ಕಾಸರಗೋಡಿನಿಂದ ಆ ಕೇಂದ್ರ ಆಗ್ನೇಯಕ್ಕಿದೆ, ಸ್ವಲ್ಪ ದಕ್ಷಿಣಕ್ಕೆ ವಾಲಿ. ಆ ದಿಕ್ಕಿಗೆ ಚಾಚಿದ ಬಿರುಕು ಚೆನ್ನಾಗಿ ಸಿಗುತ್ತದೆ, ಅದಕ್ಕೆ ಅಡ್ಡಲಾಗಿರುವುದು ತಪ್ಪಿಸಿಕೊಳ್ಳುತ್ತದೆ. ಬಿರುಕನ್ನು ಅಡ್ಡ ಹಾಯುವ ಗೆರೆಯಲ್ಲಿ ಐದೈದು ಮೀಟರಿಗೆ ಓದಿಕೊಳ್ಳಬೇಕು. 1000 ಓಂ-ಮೀಟರಿನ (ವಿದ್ಯುತ್ತಿಗೆ ನೆಲ ಒಡ್ಡುವ ತಡೆಯ ಅಳತೆ) ಬಂಡೆಯಲ್ಲಿ ಈ ಸಂಕೇತ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುವಷ್ಟರಲ್ಲಿ 118 ಮೀಟರ್ ಆಳ ಹೋಗಿರುತ್ತದೆ. 20 ಓಂ-ಮೀಟರಿನ ಒದ್ದೆ ಶೇಡಿಯಲ್ಲಿ ಬರೀ 17 ಮೀಟರ್. ಶೇಡಿ ದಪ್ಪಗಿರುವ ಕಡೆ ವಿಎಲ್‌ಎಫ್ ಮಾತ್ರ ನಂಬಿ ‘ಕೆಳಗೆ ಬಿರುಕಿಲ್ಲ’ ಅನ್ನುವುದು ದುಡುಕು. ಶೇಡಿಯ ಗುಂಡಿಯೇ ಬಿರುಕಿನಂತೆ ಕಾಣಿಸುವುದೂ ಉಂಟು. ಬಂಡೆಯ ಮೇಲ್ಮೈ ಅಲ್ಲಿ ತಗ್ಗಾಗಿದೆಯೇ ಎಂದು ಸೈಸ್ಮಿಕ್ ದಾಖಲೆಗೆ ತಾಳೆ ಹಾಕದೆ ನಾನಂತೂ ಪಾಯಿಂಟ್ ಗುರುತಿಸುವುದಿಲ್ಲ. 11 ಕೆ.ವಿ. ಲೈನು, ತಂತಿ ಬೇಲಿ, ಕಬ್ಬಿಣದ ಪೈಪು ಹತ್ತಿರವಿದ್ದರೆ ಗೆರೆಯನ್ನೇ ಬೇರೆ ಕಡೆ ಎಳೆಯಿರಿ.

ಕುಂಬಳೆ, ಉಪ್ಪಳದ ಕಡಲಂಚಿನಲ್ಲಿ ಇನ್ನೊಂದು ಪೇಚು. ಉಪ್ಪುನೀರು ತುಂಬಿದ ಬಿರುಕು ಸಿಹಿನೀರಿನದಕ್ಕಿಂತ ಜೋರಾದ ಸಂಕೇತ ಕೊಡುತ್ತದೆ. ಅಲ್ಲಿ ಬೋರ್ ಲಾರಿ ಕರೆಸುವ ಮೊದಲು ಏಪ್ರಿಲ್-ಮೇನಲ್ಲಿ ನೆರೆಮನೆಯ ಬಾವಿನೀರಿನ ವಿದ್ಯುದ್ವಾಹಕತೆ ಅಳೆದು ನೋಡಿ. ಕೈಯಲ್ಲಿ ಹಿಡಿಯುವ ಮೀಟರು ಸಾಕು.